ಹೂಳು ಮತ್ತು ನಿಯತ್ತು

2024ರ ಮಾರ್ಚ್ 12ರಂದು ರಮಝಾನ್ ಉಪವಾಸ ಆರಂಭವಾದಾಗ ಬೆಂಗಳೂರು ತಾನೇ ಬಾಯಾರಿ ಕುಳಿತಿತ್ತು. ಲೆಕ್ಕಕ್ಕೆ ಸಿಕ್ಕಿದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿಹೋಗಿವೆ ಎಂದು ಸರಕಾರವೇ ಒಪ್ಪಿಕೊಂಡಿತ್ತು. ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ, ಕಟ್ಟಡದ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ನಮ್ಮ ಮೊಹಲ್ಲಾದ ಮಸೀದಿಯ ಬೋರ್‌ವೆಲ್ ಎರಡು ವಾರ ಮೊದಲೇ ಕೆಮ್ಮಲು ಶುರುಮಾಡಿ, ಕೊನೆಗೆ ಬರೀ ಗಾಳಿ ಉಗುಳಿ ಸುಮ್ಮನಾಗಿತ್ತು. ‘ದಯವಿಟ್ಟು ವುಜೂ ಮನೆಯಲ್ಲೇ ಮಾಡಿಕೊಂಡು ಬನ್ನಿ’ ಎಂದು ಉರ್ದುವಿನಲ್ಲೂ ಕನ್ನಡದಲ್ಲೂ ಫಲಕ ಬರೆದು ನಲ್ಲಿಗಳ ಸಾಲಿನ ಮೇಲೆ ತೂಗುಹಾಕಿದೆವು. ಆದರೆ ಮನೆಗಳಲ್ಲಿ ಮಾತ್ರ ನೀರೆಲ್ಲಿತ್ತು?

ಆಗ ಮುಅಝ್ಝಿನ್ ಸಾಹೇಬರು ಒಂದು ಮಾತು ನೆನಪಿಸಿದರು. “ಮಳೆನೀರಿನ ಗುಂಡಿ ಅಂತ ಒಂದಿದೆಯಲ್ಲ, ಚಪ್ಪಲಿ ಬಿಡೋ ಜಾಗದ ಕೆಳಗೆ. ಅದನ್ನು ಯಾರೂ ತೆಗೆದು ನೋಡಿಲ್ಲ.” ನಾಲ್ಕು ಜನ ಸೇರಿ ಹಾರೆ ಹಾಕಿ ಚಪ್ಪಡಿ ಎತ್ತಿದೆವು. ಒಳಗೆ ಗುಂಡಿಯೇ ಇರಲಿಲ್ಲ. ಅಂಚಿನವರೆಗೆ ಹೂಳು ತುಂಬಿತ್ತು. ಗಟ್ಟಿಯಾದ ಸಿಮೆಂಟಿನ ಉಂಡೆಗಳು, ಪ್ಲಾಸ್ಟಿಕ್ ಕಪ್ಪುಗಳು, ಕೊಳೆತ ಎಲೆ, ಒಂದು ಮಗುವಿನ ಚಪ್ಪಲಿ. ಚಾವಣಿಯಿಂದ ಇಳಿದುಬಂದ ಕೊಳವೆಯ ಬಾಯಿ ಆ ಮಣ್ಣಿಗೆ ಮುಖವಿಟ್ಟು ಕೂತಿತ್ತು. ಎಷ್ಟು ಮಳೆಗಾಲಗಳ ನೀರು ಹೀಗೆ ಗುಂಡಿಯ ಬಾಗಿಲು ತಟ್ಟಿ, ಒಳಗೆ ಜಾಗವಿಲ್ಲದೆ ಚರಂಡಿಗೆ ಹೋಗಿತ್ತೋ ಲೆಕ್ಕವಿಲ್ಲ.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಮಸೀದಿಯ ಮೇಲಂತಸ್ತು ಕಟ್ಟಿದ ವರ್ಷ, ಮೊಹಲ್ಲಾದಲ್ಲಿ ಕನ್ನಡ ಚೆನ್ನಾಗಿ ಬರೆಯಬಲ್ಲವರು ಎಂಬ ಕಾರಣಕ್ಕೆ ನೀರಿನ ಅರ್ಜಿಯನ್ನು ಬರೆದುಕೊಟ್ಟವರು ನಾವೇ. ‘ನಿಯಮಾನುಸಾರ ಮಳೆನೀರು ಇಂಗಿಸುವ ವ್ಯವಸ್ಥೆಯನ್ನು ಅಳವಡಿಸಲಾಗಿದೆ’ ಎಂದು ಬರೆದಿದ್ದೆವು. ಜೊತೆಗೊಂದು ಫೋಟೋ. ಮೇಸ್ತ್ರಿ ತೋಡಿದ ಗುಂಡಿ, ಅದರಲ್ಲಿ ಹೊಳೆಯುವ ಹೊಸ ಜಲ್ಲಿ, ಪಕ್ಕದಲ್ಲಿ ನಗುತ್ತಿರುವ ಕಮಿಟಿ. ಫೋಟೋ ತೆಗೆದ ಮೇಲೆ ಆ ಗುಂಡಿಗೆ ಚಪ್ಪಡಿ ಮುಚ್ಚಿತು, ನಮ್ಮ ಮನಸ್ಸಿಗೂ ಮುಚ್ಚಿತು. ಈಗ ಆ ವಾಕ್ಯವನ್ನು ನೆನೆದರೆ ನಾಚಿಕೆಯಾಗುತ್ತದೆ. ‘ಅಳವಡಿಸಲಾಗಿದೆ’ ಅಂದರೆ ಯಾರು ಅಳವಡಿಸಿದರು? ಯಾರು ನೋಡಿಕೊಳ್ಳುತ್ತಾರೆ? ಆ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ಕತೆ ಬರೆಯುವ ನಮಗೆ ಅಷ್ಟೂ ಹೊಳೆಯದೆ ಹೋಯಿತು.

ಪರಿಸರಕ್ಕೆ ಒಗ್ಗುವ ಕಟ್ಟಡಗಳನ್ನು, ಈಗಿನ ಮಾತಿನಲ್ಲಿ ಹೇಳುವುದಾದರೆ ‘ಹಸಿರು ಕಟ್ಟಡ’ಗಳನ್ನು, ಒಂದು ನಗರ ಹೇಗೆ ಪ್ರೋತ್ಸಾಹಿಸಬೇಕು ಎಂಬ ಚರ್ಚೆ ಇಂದು ಎಲ್ಲೆಲ್ಲೂ ನಡೆಯುತ್ತದೆ. ಉತ್ತರಗಳು ಸಾಮಾನ್ಯವಾಗಿ ಮೂರು. ಕಾನೂನು ಮಾಡಿ ದಂಡ ಹಾಕು, ರಿಯಾಯಿತಿ ಕೊಟ್ಟು ಆಸೆ ತೋರಿಸು, ಪ್ರಮಾಣಪತ್ರ ಕೊಟ್ಟು ಮರ್ಯಾದೆ ಮಾಡು. ಮೂರೂ ಬೇಕಾದವೇ. ಆದರೆ ಆ ಚಪ್ಪಡಿ ಎತ್ತಿದ ದಿನದಿಂದ ನಮ್ಮನ್ನು ಕಾಡುತ್ತಿರುವುದು ಇವುಗಳ ಹಿಂದೆ ಅಡಗಿರುವ ಹಳೆಯ ನೈತಿಕ ಪ್ರಶ್ನೆ. ಭಯದಿಂದ ಮಾಡಿದ ಒಳ್ಳೆಯ ಕೆಲಸ ಒಳ್ಳೆಯ ಕೆಲಸವೇ? ನಗರವೊಂದು ತನ್ನ ಜನರಿಂದ ಬರೀ ಗುಂಡಿ ತೋಡಿಸಬಲ್ಲುದೋ, ಅಥವಾ ಗುಂಡಿಯ ಬಗ್ಗೆ ಕಾಳಜಿಯನ್ನೂ ಹುಟ್ಟಿಸಬಲ್ಲುದೋ?

ಮೊದಲು ಕಾನೂನಿನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. 2009ರಲ್ಲಿ ಬೆಂಗಳೂರು ಜಲಮಂಡಳಿ ಕಾಯಿದೆಗೆ ತಿದ್ದುಪಡಿಯಾಗಿ, 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ, 1,200 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಳವಡಿಸದವರಿಗೆ ನೀರಿನ ಬಿಲ್ಲಿನ ಜೊತೆ ದಂಡ ಬರತೊಡಗಿತು. ಇದು ಅನ್ಯಾಯದ ಕಾನೂನೇನಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಮೂವತ್ತು–ನಲವತ್ತರ ನಿವೇಶನವೆಂದರೆ ಸುಮಾರು 111 ಚದರ ಮೀಟರು. ಅದರ ಮೇಲೆ ವರ್ಷವಿಡೀ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು. 6,000 ಲೀಟರಿನ ಟ್ಯಾಂಕರುಗಳಲ್ಲಿ ಎಣಿಸಿದರೆ ಸುಮಾರು ಹದಿನೆಂಟು ಟ್ಯಾಂಕರು. ಇದು ಯಾರ ಮನೆಯ ಮೇಲೂ ಜಾತಿ ಮತ ಕೇಳದೆ ಬೀಳುವ ನೀರು. ಇದನ್ನು ಚರಂಡಿಗೆ ಬಿಟ್ಟು, ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯ ಕಡೆಯಿಂದ ಕಾವೇರಿಯನ್ನು ವಿದ್ಯುತ್ ಖರ್ಚುಮಾಡಿ ನೂರಾರು ಮೀಟರು ಮೇಲಕ್ಕೆತ್ತಿ ತರಿಸಿಕೊಳ್ಳುತ್ತೇವೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತವೂ ಬಂತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರು ತರುವ ಯೋಜನೆ. ಬಾಗಿಲಿಗೆ ಬಂದ ಅತಿಥಿಯನ್ನು ಮೋರಿಗೆ ತಳ್ಳಿ, ದೂರದ ನೆಂಟರಿಗೆ ಕಾಗದ ಬರೆದ ಹಾಗಾಯಿತು ನಮ್ಮ ಬಾಳು.

ಹಾಗಿದ್ದರೆ ಕಾನೂನು ಎಲ್ಲಿ ಸೋಲುತ್ತದೆ? ಇದನ್ನು ತಿಳಿಯಲು ಇದೇ ಊರಿನ ಇನ್ನೊಂದು ನಿಯಮವನ್ನು ಪಕ್ಕದಲ್ಲಿಟ್ಟು ನೋಡಬೇಕು. 2007ರಲ್ಲಿ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಇಲ್ಲದಿದ್ದರೆ ವಿದ್ಯುತ್ ಸಂಪರ್ಕವಿಲ್ಲ ಎಂಬ ನಿಯಮ ಬಂತು. ಹಾಕಿಸಿದವರ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನೂ ಕೊಟ್ಟರು. ಇಂದು ಬೆಂಗಳೂರಿನ ಯಾವ ಬಡಾವಣೆಯ ತಾರಸಿ ಹತ್ತಿ ನೋಡಿದರೂ ಸಾಲುಸಾಲಾಗಿ ಗಾಜಿನ ಕೊಳವೆಗಳು ಕಾಣುತ್ತವೆ. ಅವು ಕೆಟ್ಟರೆ ಮರುದಿನವೇ ಮೆಕ್ಯಾನಿಕ್ ಬರುತ್ತಾನೆ. ಅದೇ ಮನೆಯ ಮಳೆಗುಂಡಿ ಹೂತುಹೋಗಿ ಹತ್ತು ವರ್ಷವಾದರೂ ಮನೆಯವರಿಗೆ ಗೊತ್ತಿರುವುದಿಲ್ಲ. ಊರು ಅದೇ, ಜನ ಅದೇ, ಕಡ್ಡಾಯವೂ ಅದೇ. ಮತ್ತೇಕೆ ಈ ವ್ಯತ್ಯಾಸ?

ಕಾರಣ ಸರಳ. ಸೋಲಾರಿನ ಬಿಸಿನೀರು ನಮ್ಮ ಬಚ್ಚಲಿಗೆ ಬರುತ್ತದೆ. ಗುಂಡಿಯಲ್ಲಿ ಇಂಗಿದ ನೀರು ಎಲ್ಲಿಗೆ ಹೋಗುತ್ತದೆ? ನೆಲದೊಳಗೆ ಕಾಂಪೌಂಡು ಗೋಡೆಯಿಲ್ಲ. ನಾವು ಇಂಗಿಸಿದ್ದು ಪಕ್ಕದ ಬೀದಿಯ ಬೋರ್‌ವೆಲ್ಲಿಗೂ ಹೋದೀತು, ದೇವಸ್ಥಾನದ ಹಳೆಯ ಬಾವಿಗೂ ಹೋದೀತು, ನಮ್ಮೊಡನೆ ಮಾತು ಬಿಟ್ಟವರ ಮನೆಗೂ ಹೋದೀತು. ಅಂದರೆ ಲಾಭ ಗೇಟಿನೊಳಗೆ ಇರುವವರೆಗೆ ಕಾನೂನು ಮತ್ತು ರಿಯಾಯಿತಿ ಸಾಕು. ಲಾಭ ಗೇಟು ದಾಟಿದ ಕೂಡಲೇ ಅದು ಬರೀ ಇಂಜಿನಿಯರಿಂಗ್ ಆಗಿ ಉಳಿಯುವುದಿಲ್ಲ, ನೆರೆಹೊರೆಯ ಹಕ್ಕಿನ ಪ್ರಶ್ನೆಯಾಗುತ್ತದೆ.

ನೆರೆಯವರ ಹಕ್ಕಿನ ಬಗ್ಗೆ ಮುಸ್ಲಿಮರಾದ ನಮಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ನೆರೆಯವರನ್ನು ವಾರಸುದಾರರನ್ನಾಗಿಯೇ ಮಾಡಿಬಿಡುತ್ತಾರೇನೋ ಎಂದು ಪ್ರವಾದಿ(ಸ)ಯವರಿಗೆ ಅನಿಸುವಷ್ಟರ ಮಟ್ಟಿಗೆ ಜಿಬ್ರೀಲ್ ಅವರ ಬಗ್ಗೆ ಒತ್ತಿ ಒತ್ತಿ ಹೇಳಿದರೆಂಬುದನ್ನು ಜುಮಾ ಪ್ರವಚನಗಳಲ್ಲಿ ಕೇಳುತ್ತಲೇ ಬೆಳೆದಿದ್ದೇವೆ. ನೀರಿನಲ್ಲಿ ಎಲ್ಲರೂ ಪಾಲುದಾರರು ಎಂಬುದನ್ನೂ ಕೇಳಿದ್ದೇವೆ. ಮದೀನಾದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಹಣಕೊಟ್ಟು ಕೊಂಡು ಸರ್ವರಿಗೂ ಮುಕ್ತಗೊಳಿಸಿದ ಕತೆ ಮದ್ರಸಾದ ಮಕ್ಕಳಿಗೂ ಬಾಯಿಪಾಠ. ಆದರೆ ನೆರೆಯವರೆಂದರೆ ಹಬ್ಬದ ದಿನ ಬಿರಿಯಾನಿ ಕಳಿಸಬೇಕಾದವರು ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ನಮ್ಮ ಮನೆಯ ಬುನಾದಿಯ ಕೆಳಗೆ ಅವರ ನೀರು ಹರಿಯುತ್ತದೆ, ನಮ್ಮ ಮೂರನೇ ಮಹಡಿ ಅವರ ಬೆಳಕನ್ನು ತಿನ್ನುತ್ತದೆ, ನಾವು ಅಂಗಳಕ್ಕೆ ಬಳಿದ ಕಾಂಕ್ರೀಟು ಅವರ ಹಿತ್ತಿಲನ್ನು ಕಾಯಿಸುತ್ತದೆ ಎಂಬುದು ನಮ್ಮ ಧರ್ಮಚಿಂತನೆಯ ಒಳಗೆ ಇನ್ನೂ ಬಂದಿಲ್ಲ. ಒಂದು ಕಟ್ಟಡ ಹಸಿರೋ ಅಲ್ಲವೋ ಎಂದು ತಿಳಿಯಲು ಅದರ ಬಣ್ಣ ನೋಡಬೇಕಾಗಿಲ್ಲ, ಅದರ ಪಕ್ಕದ ಮನೆಯವರನ್ನು ಕೇಳಿದರೆ ಸಾಕು.

ಇಷ್ಟು ಹೇಳಿದಾಗ ನಮ್ಮ ಕಮಿಟಿಯ ಖಜಾಂಚಿ ಚಾಚಾ ಒಂದು ಪ್ರಶ್ನೆ ಎತ್ತಿದರು. “ಸರಿ ಬೇಟಾ, ಆದರೆ ಇದು ದೀನಿನ ಕೆಲಸವೋ ಕಾರ್ಪೊರೇಷನ್ ಕೆಲಸವೋ? ಅವರು ದಂಡ ಹಾಕ್ತಾರೆ ಅಂತ ಗುಂಡಿ ತೋಡಿದರೆ ಅದರಲ್ಲಿ ಸವಾಬು ಎಲ್ಲಿಂದ ಬಂತು?” ಚಾಚಾ ವ್ಯಾಪಾರಸ್ಥರು, ಒಂದು ರೂಪಾಯಿಯನ್ನೂ ಎರಡು ಖಾತೆಯಲ್ಲಿ ಬರೆಯುವವರಲ್ಲ. ಅವರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬುಖಾರಿ ಹದೀಸ್ ಸಂಗ್ರಹ ಆರಂಭವಾಗುವುದೇ ಕರ್ಮಗಳ ಬೆಲೆ ನಿಂತಿರುವುದು ನಿಯ್ಯತ್ತಿನ ಮೇಲೆ ಎಂಬ ವಚನದಿಂದ. ದಂಡದ ಭಯದಿಂದ ತೋಡಿದ ಗುಂಡಿಗೆ ನಿಯ್ಯತ್ ಯಾವುದು?

ಇದಕ್ಕೆ ಎದುರಾಗಿ ಒಬ್ಬ ಇಂಜಿನಿಯರ್ ಮಿತ್ರರು ಹೇಳಿದ ಮಾತೂ ತೂಕದ್ದೇ. “ಮಳೆ ನಿಮ್ಮ ನಿಯ್ಯತ್ತು ಕೇಳುತ್ತದೆಯೇ? ಗುಂಡಿ ಇದ್ದರೆ ಇಳಿಯುತ್ತದೆ, ಇಲ್ಲದಿದ್ದರೆ ಹರಿದುಹೋಗುತ್ತದೆ. ಜನ ಒಳ್ಳೆಯವರಾಗುವವರೆಗೆ ಕಾಯುತ್ತಾ ಕೂತರೆ ಊರು ಮರುಭೂಮಿಯಾದೀತು. ನಗರಕ್ಕೆ ಬೇಕಾದದ್ದು ನೀರು, ನಿಮ್ಮ ಆತ್ಮಶುದ್ಧಿಯಲ್ಲ.” ಬಹಳ ದಿನ ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಆ ಹೂಳು.

ಮಳೆ ನಿಯ್ಯತ್ತು ಕೇಳುವುದಿಲ್ಲ ನಿಜ, ಆದರೆ ಹೂಳು ಕೇಳುತ್ತದೆ. ಮೊದಲ ಮಳೆಗಾಲದಲ್ಲಿ ಭಯದ ಗುಂಡಿಗೂ ಭಕ್ತಿಯ ಗುಂಡಿಗೂ ವ್ಯತ್ಯಾಸವಿಲ್ಲ, ಎರಡರಲ್ಲೂ ನೀರು ಇಂಗುತ್ತದೆ. ಎರಡನೆಯ ವರ್ಷ ಚಾವಣಿಯ ಧೂಳು, ಎಲೆ, ಪಾರಿವಾಳದ ಹಿಕ್ಕೆ ಇಳಿದು ಜಲ್ಲಿಯ ಸಂದುಗಳಲ್ಲಿ ಕೂರುತ್ತವೆ. ಮೂರು ನಾಲ್ಕನೆಯ ವರ್ಷಕ್ಕೆ ಗುಂಡಿಯ ಉಸಿರು ಕಟ್ಟುತ್ತದೆ. ಆ ಹೊತ್ತಿಗೆ ಫೋಟೋ ಹಳತಾಗಿರುತ್ತದೆ, ನೀರಿನ ಸಂಪರ್ಕ ಸಿಕ್ಕಿಯಾಗಿರುತ್ತದೆ, ಕೇಳುವವರಿರುವುದಿಲ್ಲ. ಆಗ ಚಪ್ಪಡಿ ಎತ್ತಿ ಕೈಯಿಕ್ಕುವವನಿದ್ದರೆ ಅವನದು ನಿಯ್ಯತ್ತು. ಕಾನೂನು ಗುಂಡಿ ತೋಡಿಸಬಲ್ಲುದು. ವರ್ಷ ವರ್ಷ ಹೂಳೆತ್ತಿಸುವುದಕ್ಕೆ ಬೇರೆ ಏನೋ ಬೇಕು.

ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಇಲ್ಲೊಂದು ಸಂಗತಿ ಬೆರಗು ಹುಟ್ಟಿಸುತ್ತದೆ. ಉರ್ದುವಿನಲ್ಲಿ ನಿಯ್ಯತ್ ಎಂದರೆ ಸಂಕಲ್ಪ, ಕೆಲಸಕ್ಕೆ ಮುಂಚೆ ಮನಸ್ಸಿನಲ್ಲಿ ಮೂಡುವ ಉದ್ದೇಶ. ನಮಾಝಿಗೆ ನಿಂತಾಗ ಒಂದು ಕ್ಷಣದಲ್ಲಿ ಮಾಡಿಕೊಳ್ಳುವಂಥದ್ದು. ಅದೇ ಪದ ಕನ್ನಡಕ್ಕೆ ಬಂದು ‘ನಿಯತ್ತು’ ಆದಾಗ ಅದರ ಅರ್ಥ ಪ್ರಾಮಾಣಿಕತೆ, ನಂಬಿದವರನ್ನು ಕೈಬಿಡದಿರುವುದು. ‘ನಿಯತ್ತಿನ ಮನುಷ್ಯ’ ಎಂದು ಹಳ್ಳಿಯವರು ಹೇಳುವಾಗ ಒಂದು ದಿನದ ಉದ್ದೇಶವನ್ನು ಹೇಳುತ್ತಿಲ್ಲ, ಹಲವು ವರ್ಷ ನೋಡಿದ ನಡತೆಯನ್ನು ಹೇಳುತ್ತಿದ್ದಾರೆ. ಕ್ಷಣದ ಸಂಕಲ್ಪವಾಗಿದ್ದ ಪದವನ್ನು ಕನ್ನಡದ ರೈತರು, ಕೂಲಿಕಾರರು ದಿನದಿನದ ನಡವಳಿಕೆಯಾಗಿ ಹಿಗ್ಗಿಸಿದರು. ಸ್ವಲ್ಪವೇ ಆದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿ(ಸ)ಯವರು ತಿಳಿಸಿದ್ದನ್ನು ನೆನೆದರೆ, ಕನ್ನಡದವರು ಆ ಪದವನ್ನು ತಪ್ಪಾಗಿ ತಿಳಿಯಲಿಲ್ಲ, ಅದರ ಆಳಕ್ಕೇ ಇಳಿದರು ಎನಿಸುತ್ತದೆ.

‘ಜಾರಿ’ ಎಂಬ ಇನ್ನೊಂದು ಪದವೂ ಹೀಗೆಯೇ. ಉರ್ದುವಿನಲ್ಲಿ ಜಾರಿ ಎಂದರೆ ಹರಿಯುತ್ತಿರುವುದು, ನಿಲ್ಲದೆ ನಡೆಯುತ್ತಿರುವುದು. ಸತ್ತ ಮೇಲೂ ಪುಣ್ಯ ಹರಿಯುತ್ತಲೇ ಇರುವ ದಾನಕ್ಕೆ ‘ಸದಕಾ ಜಾರಿಯಾ’ ಎನ್ನುತ್ತೇವೆ. ಬಾವಿ ತೋಡಿಸುವುದು, ಮರ ನೆಡುವುದು ಅದರಲ್ಲಿ ಸೇರುತ್ತವೆ. ಕನ್ನಡದ ಕಚೇರಿಗಳಲ್ಲಿ ಅದೇ ಪದ ‘ಕಾನೂನು ಜಾರಿ’ ಆಯಿತು. ಆದರೆ ಕನ್ನಡದಲ್ಲಿ ‘ಜಾರಿ’ಗೆ ಕಾಲು ಜಾರಿ ಬಿದ್ದದ್ದೆಂಬ ಅರ್ಥವೂ ಇದೆಯಲ್ಲ! ನಮ್ಮ ಬಹುಪಾಲು ಕಾನೂನುಗಳು ಜಾರಿಯಾಗುವುದು ಈ ಎರಡನೆಯ ಅರ್ಥದಲ್ಲಿ. ಪ್ರಕಟವಾದ ದಿನ ಎದ್ದು ನಿಂತು, ಮರುವರ್ಷ ಜಾರಿ ಬೀಳುತ್ತವೆ. ಹರಿಯುವುದಿದ್ದರೆ ಮಾತ್ರ ಅದು ಜಾರಿ ಎಂದು ನಗರದ ಆಡಳಿತಗಾರರು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆಯೇ.

ಹರಿಯುವಂತೆ ನೋಡಿಕೊಂಡ ಊರುಗಳು ನಮ್ಮ ನಾಡಿನಲ್ಲೇ ಇದ್ದವು. ಬೀದರಿನ ಪಕ್ಕದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ, ಅಂದರೆ 15ನೇ ಶತಮಾನದ, ಕರೇಝ್ ಇದೆ. ಊರಿನ ಜನ ಸುರಂಗ ಬಾವಿ ಎನ್ನುತ್ತಾರೆ. ಪರ್ಷಿಯಾ ಕಡೆಯಿಂದ ಬಂದ ವಿದ್ಯೆ. ಎತ್ತರದ ನೆಲದೊಳಗೆ ಸಿಕ್ಕ ಜಲದ ಸೆಲೆಯಿಂದ ತೀರ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಪಂಪು ಇಲ್ಲ, ವಿದ್ಯುತ್ ಇಲ್ಲ, ನೀರು ತನ್ನ ಪಾಡಿಗೆ ತಾನು ನಡೆದುಕೊಂಡು ಊರಿಗೆ ಬರುವಂತೆ ಮಾಡಿದ್ದು. ಆ ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಕೊರೆದ ಬಾವಿಯಂಥ ಕಿಂಡಿಗಳಿವೆ. ಗಾಳಿ ಬೆಳಕಿಗೆ ಅವು ಬೇಕು, ನೀರು ಸೇದಲು ಬೇಕು. ಅದಕ್ಕಿಂತ ಮುಖ್ಯವಾಗಿ, ಮನುಷ್ಯ ಇಳಿದು ಹೂಳೆತ್ತಲು ಬೇಕು. ಕಟ್ಟಿದವರಿಗೆ ಹೂಳು ಬರುತ್ತದೆಂದು ಮೊದಲ ದಿನವೇ ಗೊತ್ತಿತ್ತು. ಆದ್ದರಿಂದ ಮುಂದಿನ ತಲೆಮಾರಿನ ಕೈ ಇಳಿಯಲಿಕ್ಕೆಂದು ದಾರಿ ಬಿಟ್ಟು ಕಟ್ಟಿದರು. ಆ ಕೈಗಳು ನಿಂತುಹೋದ ಮೇಲೆ ಸುರಂಗ ತುಂಬಿತು, ಮೇಲೆ ರಸ್ತೆ ಕಟ್ಟಡಗಳು ಬಂದವು, ಊರು ತನ್ನ ಕಾಲ ಕೆಳಗಿನ ನೀರನ್ನೇ ಮರೆಯಿತು. 2010ರ ದಶಕದಲ್ಲಿ ಮತ್ತೆ ಹೂಳೆತ್ತುವ ಕೆಲಸ ನಡೆದಾಗ ಬೀದರಿನ ಹೊಸ ಪೀಳಿಗೆ ಅದನ್ನು ಬಾಗಿ ನೋಡಿತು. ಹಸಿರು ಕಟ್ಟಡದ ಇಂದಿನ ನಕ್ಷೆಗಳಲ್ಲಿ ನಮಗೆ ಕಾಣದಿರುವುದು ಈ ಕಿಂಡಿಯೇ, ನಾಳೆ ಹೂಳೆತ್ತಲು ಬರುವವನಿಗೆ ಬಿಟ್ಟ ಜಾಗ.

ಇಂದಿನ ಪ್ರಮಾಣಪತ್ರಗಳ ಬಗ್ಗೆಯೂ ನಮಗೆ ಗೌರವವಿದೆ. ಹೈದರಾಬಾದಿನ ಸೊಹ್ರಾಬ್‌ಜಿ ಗೋದ್ರೇಜ್ ಗ್ರೀನ್ ಬಿಸಿನೆಸ್ ಸೆಂಟರ್ ಕಟ್ಟಡ ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ದರ್ಜೆ ಪಡೆದ ಮೊದಲ ಕಟ್ಟಡವೆಂದು ಹೆಸರಾಯಿತು. 2004ರಲ್ಲಿ ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಅಬ್ದುಲ್ ಕಲಾಮ್. ಅದರಲ್ಲಿ ಅಂಗಳವಿದೆ, ಜಾಲಂಧ್ರವಿದೆ, ಗಾಳಿ ಗೋಪುರವಿದೆ. ಅಂದರೆ ದಖ್ಖನಿನ ಹಳೆಯ ಹವೇಲಿ, ತೊಟ್ಟಿಮನೆಗಳು ಬಲ್ಲ ಸಂಗತಿಗಳೇ. ನಮ್ಮ ಆಕ್ಷೇಪ ಬೇರೆ. ಗ್ರೀನ್ ದರ್ಜೆಯ ಕಟ್ಟಡಗಳಿಗೆ ಬಹುಮಾನವಾಗಿ ನೋಯ್ಡಾದಂಥ ನಗರಗಳು ಶೇಕಡಾ 5ರಷ್ಟು ಹೆಚ್ಚುವರಿ ಕಟ್ಟಡ ವಿಸ್ತೀರ್ಣಕ್ಕೆ, ಬಿಲ್ಡರುಗಳ ಬಾಯಲ್ಲಿ ಎಫ್‌ಎಆರ್‌ಗೆ, ಅವಕಾಶ ಕೊಡುತ್ತವೆ. ಕಡಿಮೆ ತಿಂದದ್ದಕ್ಕೆ ಬಹುಮಾನವಾಗಿ ಇನ್ನೊಂದು ತಟ್ಟೆ ಊಟ ಬಡಿಸಿದ ಹಾಗೆ! ಅದಕ್ಕಿಂತ ಪಿಂಪ್ರಿ–ಚಿಂಚವಾಡದಂತೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ವಿವೇಕದ ದಾರಿ. ತೆರಿಗೆ ವರ್ಷವರ್ಷ ಬರುವಂಥದ್ದು. ವರ್ಷವರ್ಷ ಕೇಳುವ ಅವಕಾಶವೂ ಅದರಲ್ಲಿದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಾಲದ ದೊಡ್ಡ ಆಸೆಯೇ ನೋಡಿಕೊಳ್ಳಬೇಕಾಗಿಲ್ಲದ ವಸ್ತು. ನಮ್ಮ ಅಜ್ಜಿಯರ ಕಾಲದ ಮಣ್ಣಿನ ಮನೆಗೆ ಹಬ್ಬಕ್ಕೆ ಮುಂಚೆ ಸಾರಣೆ ಆಗಲೇಬೇಕಿತ್ತು, ಸುಣ್ಣ ಬಳಿಯಲೇಬೇಕಿತ್ತು, ಹೆಂಚು ಕೈಯಾಡಿಸಲೇಬೇಕಿತ್ತು. ಸಿಮೆಂಟು ಬಂದು, ‘ಒಂದು ಸಲ ಕಟ್ಟಿ, ಮರೆತುಬಿಡಿ’ ಎಂದಿತು. ಮರೆತೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಆಸ್ತ್ರ’ ಕೇಂದ್ರದ ವಿಜ್ಞಾನಿಗಳು ಸುಡದೆ, ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ರೂಪಿಸಿಕೊಟ್ಟರು. ಅದರಲ್ಲಿ ಕಟ್ಟಿದ ಚೆಲುವಾದ ಮನೆಗಳು ಇದೇ ಊರಿನಲ್ಲಿವೆ. ಆದರೂ ಹೆಣ್ಣು ಕೊಡುವವರು ಬಂದಾಗ ಮಣ್ಣಿನ ಗೋಡೆ ಕಂಡರೆ ಏನೆಂದುಕೊಂಡಾರು ಎಂಬ ಭಯದ ಮುಂದೆ ವಿಜ್ಞಾನ ಸೋಲುತ್ತದೆ. ಇದು ಬಡವರ ತಪ್ಪಲ್ಲ. ಮಣ್ಣಿನ ಮನೆಯಲ್ಲಿ ಅವಮಾನ ಉಂಡವರಿಗೆ ಸಿಮೆಂಟು ಒಂದು ಘನತೆ. ಉಳ್ಳವರು ಮೊದಲು ಮಣ್ಣಿಗೆ ಮರ್ಯಾದೆ ತರಬೇಕು.

ನ್ಯಾಯದ ಪ್ರಶ್ನೆಯೂ ಇಲ್ಲಿಯೇ ಇದೆ. 600 ಚದರಡಿಯಲ್ಲಿ ಮೂರು ಸಂಸಾರ ಇರುವ ಗಲ್ಲಿಯಲ್ಲಿ ಗುಂಡಿ ತೋಡಲು ಜಾಗವೆಲ್ಲಿ? ಬಾಡಿಗೆದಾರರು ಟ್ಯಾಂಕರಿಗೆ ದುಡ್ಡು ಕೊಡುತ್ತಾರೆ, ಗುಂಡಿ ಮುಚ್ಚಿದೆಯೆಂದು ಮಾಲೀಕರನ್ನು ಕೇಳುವ ಅಧಿಕಾರ ಅವರಿಗಿಲ್ಲ. ನಿಜವಾಗಿ ನೋಡಿದರೆ ಈ ನಗರದಲ್ಲಿ ಅತಿ ಕಡಿಮೆ ನೀರು, ಅತಿ ಕಡಿಮೆ ಸಿಮೆಂಟು, ಅತಿ ಕಡಿಮೆ ವಿದ್ಯುತ್ ಬಳಸುವವರು ಅವರೇ. ಅವರಿಗೆ ಯಾವ ಪ್ಲಾಟಿನಂ ಫಲಕವನ್ನೂ ಯಾರೂ ಕೊಟ್ಟಿಲ್ಲ. ಹಸಿರನ್ನು ಚದರಡಿಯ ಲೆಕ್ಕದಲ್ಲಿ ಅಳೆಯದೆ ತಲೆಯ ಲೆಕ್ಕದಲ್ಲಿ ಅಳೆದ ದಿನ ನಮ್ಮ ಗೌರವಗಳೆಲ್ಲ ತಲೆಕೆಳಗಾಗುತ್ತವೆ.

ಹಾಗಾದರೆ ನಗರ ಏನು ಮಾಡಬಹುದು? ನಮಗೆ ತೋಚಿದ್ದನ್ನು ಹೇಳುತ್ತೇವೆ. ಮೊದಲನೆಯದಾಗಿ, ಮಳೆಗುಂಡಿಗೂ ಸೋಲಾರಿನಂತೆ ಬಿಲ್ಲಿನಲ್ಲಿ ಸಣ್ಣ ರಿಯಾಯಿತಿ ಇರಲಿ, ಆದರೆ ತೋಡಿದ್ದಕ್ಕಲ್ಲ, ಪ್ರತಿವರ್ಷ ಮುಂಗಾರಿಗೆ ಮುಂಚೆ ಹೂಳೆತ್ತಿದ್ದಕ್ಕೆ. ಸಾಕ್ಷಿಯಾಗಿ ಅಧಿಕಾರಿಯ ಸಹಿ ಬೇಡ, ಪಕ್ಕದ ಮನೆಯವರ ಸಹಿ ಸಾಕು. ಆ ನೀರಿನ ಪಾಲುದಾರರು ಅವರೇ ತಾನೆ? ಹಾಗಾದರೂ ಎರಡು ಮನೆಗಳವರು ವರ್ಷಕ್ಕೊಮ್ಮೆ ಮಾತಾಡಿಯಾರು. ಎರಡನೆಯದಾಗಿ, ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದ ಮಣ್ಣು ವಡ್ಡ ಸಮುದಾಯದ ಕುಶಲಕರ್ಮಿಗಳಿದ್ದಾರೆ. ನಗರಕ್ಕೆ ಹತ್ತು ಲಕ್ಷ ಇಂಗುಬಾವಿಗಳು ಬೇಕೆಂಬ ಅಭಿಯಾನವನ್ನು ಬಯೋಮ್ ಸಂಸ್ಥೆಯವರು ಕಟ್ಟಿದ್ದು ಇಂಥವರನ್ನು ನಂಬಿಯೇ. ವಾರ್ಡಿಗೆ ಇಷ್ಟು ಜನರೆಂದು ಅವರಿಗೆ ವರ್ಷದ ಕೆಲಸ, ಸರಿಯಾದ ಕೂಲಿ, ಸುರಕ್ಷತೆಯ ಸಲಕರಣೆ ಸಿಗಬೇಕು. ಮೂರನೆಯದಾಗಿ, ವಾರ್ಡಿನ ಅಂತರ್ಜಲ ಎಷ್ಟು ಆಳದಲ್ಲಿದೆ ಎಂದು ಬಸ್ ನಿಲ್ದಾಣದಲ್ಲಿ, ಪಡಿತರ ಅಂಗಡಿಯ ಮುಂದೆ ಬರೆದುಹಾಕಲಿ. ಹಳೆಯ ಮಸೀದಿಗಳಲ್ಲಿ ನಲ್ಲಿಯ ಬದಲು ಹೌಜ್ ಇತ್ತು. ಸುತ್ತ ಕೂತು ವುಜೂ ಮಾಡುವಾಗ ನೀರು ಇಳಿದದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಕೈ ತಾನಾಗಿ ಹಿಡಿತಕ್ಕೆ ಬರುತ್ತಿತ್ತು. ನಲ್ಲಿ ಬಂದು ನೀರನ್ನು ಕಣ್ಣಿನಿಂದ ಮರೆಮಾಡಿತು. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗೂ ಕಡಿಮೆಯಲ್ಲಿ, ವುಜೂ ಮುಗಿಸುತ್ತಿದ್ದರು. ನಮ್ಮ ಮಸೀದಿಯ ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಅಳೆದು ನೋಡಿದೆವು. ನಮ್ಮ ವುಜೂಗೆ ಆರು ಲೀಟರು ಹೋಗಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ದೊಡ್ಡ ಚಾವಣಿಗಳಿರುವುದು ಶಾಲೆ, ಕಚೇರಿ, ಬಸ್ ನಿಲ್ದಾಣ, ಗುಡಿ, ಚರ್ಚು, ಮಸೀದಿಗಳಿಗೆ. ಮೊದಲು ಅವು ಮಾಡಿ ತೋರಿಸಲಿ. ಕಾನೂನು ಬರುವುದಕ್ಕೆ ಎಷ್ಟೋ ಮುಂಚೆ, 1990ರ ದಶಕದಲ್ಲೇ ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯನ್ನು ಮಳೆನೀರಿನ ಮೇಲೆ ನಿಲ್ಲಿಸಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಸಂಸಾರ ಹಾಗೆ ಬಾಳಿ ತೋರಿಸಿತು. ಬೆಂಗಳೂರಿನ ಎಷ್ಟೋ ಜನರಿಗೆ ಈ ವಿಷಯದಲ್ಲಿ ನಂಬಿಕೆ ಹುಟ್ಟಿದ್ದು ಸುತ್ತೋಲೆಗಳಿಂದಲ್ಲ, ಆ ಮನೆಯಿಂದ. ನಿಯತ್ತು ಕಣ್ಣಿಗೆ ಬಿದ್ದರೆ ಅಂಟುವ ಗುಣ ಅದಕ್ಕಿದೆ.

ಖಜಾಂಚಿ ಚಾಚಾ ಅವರ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ. ಭಯದಿಂದ ತೋಡಿದ್ದು ಕಾರ್ಪೊರೇಷನ್ ಖಾತೆಗೆ ಹೋಗಲಿ ಚಾಚಾ, ಹೂಳೆತ್ತಿದ್ದನ್ನು ದೀನಿನ ಖಾತೆಗೆ ಬರೆಯೋಣ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಎರಡೂ ಖಾತೆ ಬೇಕು ಅನ್ನು” ಎಂದರು. ಅದೇ ಸರಿ. ಕಾನೂನಿಲ್ಲದೆ ನಿಯತ್ತು ಒಂಟಿ ಮನೆಯಲ್ಲಿ ಉಳಿಯುತ್ತದೆ, ನಿಯತ್ತಿಲ್ಲದೆ ಕಾನೂನು ಮಣ್ಣಾಗುತ್ತದೆ.

ಆ ವರ್ಷದ ಮೇ ತಿಂಗಳಲ್ಲಿ ಬಾವಿ ತೋಡುವ ಇಬ್ಬರನ್ನು ಕರೆಸಿದೆವು. ಹಳೆಯ ಗುಂಡಿಯನ್ನು ನೋಡಿ ಅವರಲ್ಲಿ ಹಿರಿಯರು ನಕ್ಕರು. “ಸಾಬ್ರೇ, ತೋಡಿಕೊಡ್ತೀವಿ. ಆದ್ರೆ ವರ್ಷಕ್ಕೊಂದ್ ಸಲ ನಮ್ಮನ್ನ ಕರೀಬೇಕು. ಕರೆಯೋ ಮನಸ್ಸಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಕಾಸು ಉಳಿಸ್ಕೊಳ್ಳಿ.” ಸುಲ್ತಾನರ ಕಾಲದ ಕರೇಝ್ ಕಟ್ಟಿದವರು ಹೇಳಿದ್ದೂ ಇದನ್ನೇ ಅಲ್ಲವೇ? ಅಂದಿನಿಂದ ಪ್ರತಿವರ್ಷ ಮುಂಗಾರಿಗೆ ಮುಂಚಿನ ಒಂದು ಶುಕ್ರವಾರ ಇಮಾಮರು ಪ್ರವಚನದ ಕೊನೆಗೆ ಅದನ್ನು ನೆನಪಿಸುತ್ತಾರೆ. ಅವರು ಬರುತ್ತಾರೆ, ಮೊಹಲ್ಲಾದ ಹುಡುಗರು ಬುಟ್ಟಿ ಹಿಡಿಯುತ್ತಾರೆ, ಬಂದ ಮಣ್ಣು ಅಂಗಳದ ಬೇವಿನ ಬುಡಕ್ಕೆ ಹೋಗುತ್ತದೆ. ವುಜೂವಿನ ನೀರನ್ನೂ ಈಗ ಆ ಮರದ ಕಡೆಗೇ ತಿರುಗಿಸಿದ್ದೇವೆ.

ನಮ್ಮ ಬೋರ್‌ವೆಲ್ ಮೊದಲಿನಂತಾಗಿದೆ ಎಂದು ಹೇಳಿದರೆ ಸುಳ್ಳಾದೀತು. ಬಂದರೂ ಬಂತು, ನಿಂತರೂ ನಿಂತಿತು ಎನ್ನುವ ಸ್ಥಿತಿ. ಹಿಂದಿನ ಬೀದಿಯ ಮನೆಯೊಂದರ ಹಳೆಯ ತೆರೆದ ಬಾವಿಯಲ್ಲಿ ನೀರು ಕಾಣಿಸಿಕೊಂಡಿದೆ ಎಂದು ಆ ಮನೆಯ ಅಮ್ಮ ಒಂದು ದಿನ ಹೇಳಿದರು. ಅದು ನಮ್ಮ ಗುಂಡಿಯದೋ, ಒಳ್ಳೆಯ ಮಳೆಯದೋ ಯಾರು ಬಲ್ಲರು? ಮೊನ್ನೆ ಮಸೀದಿಯ ಕಡತ ಹುಡುಕುವಾಗ ಆ ಹಳೆಯ ಅರ್ಜಿಯ ಪ್ರತಿ ಕೈಗೆ ಸಿಕ್ಕಿತು. ‘ಅಳವಡಿಸಲಾಗಿದೆ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದಿಟ್ಟೆವು: ‘ನಾವು ತೋಡಿದ್ದೇವೆ. ವರ್ಷಕ್ಕೊಮ್ಮೆ ನಾವೇ ಹೂಳೆತ್ತುತ್ತೇವೆ.’ ಅದನ್ನು ಯಾವ ಕಚೇರಿಗೂ ಕಳಿಸಬೇಕಾಗಿಲ್ಲ. ನಮ್ಮ ಮಕ್ಕಳು ಓದಿದರೆ ಸಾಕು.